ಮಗಳ ಕೈಗೆ ಮೊದಲ ಕೋವಿ

ಮಳೆ ಸ್ವಲ್ಪ ಹೊಳವಾಗಿದೆ. ಈ ವಾರ ನಮ್ಮಲ್ಲಿ ಒಟ್ಟು 2 ಇಂಚು 35 ಸೆಂಟ್. ಕಾಳುಮೆಣಸಿಗೆ ಎರಡನೇ ಬೋರ್ಡೋ ಮುಗಿಸಿದ್ದೇವೆ, ಕಾಯಿ ಉದುರೋದು ಕಡಿಮೆ ಆಗಿದೆ. ಅದರ ಲೆಕ್ಕ ಮುಂದಿನ ವಾರ ಬರೀತೀನಿ. ಇವತ್ತು ಬೇರೆ ವಿಷಯ.

ಕೈಲ್‌ಪೊಳ್ದ್ ಕಳೆದ ಮೇಲೆ ಮೂರು ಜನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದ್ರು. "ನಿಮ್ಮ ಮಗಳಿಗೆ ಕೋವಿ ಕಲಿಸ್ತಾ ಇದ್ದೀರಂತೆ, ಯಾವುದು ತಗೊಂಡ್ರಿ, ಎಷ್ಟಾಯ್ತು, ನಮ್ಮ ಹುಡುಗನಿಗೂ ಒಂದು ಬೇಕಿತ್ತು." ಒಬ್ಬರ ಹುಡುಗನಿಗೆ ಏಳು ವರ್ಷ. ಫೋನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಇದು. ಮಾಡೆಲ್ ಹೆಸರು ಹೇಳಿಬಿಟ್ರೆ ನಾಳೆ ಅಂಗಡಿಗೆ ಹೋಗಿ ತಂದು ಕೈಗೆ ಕೊಟ್ಟುಬಿಡ್ತಾರೆ ಅನ್ನೋ ಭಯ ನನಗೆ. ಹಾಗಾಗಿ ಪೂರ್ತಿ ಬರೀತಿದ್ದೇನೆ. ಮನೆಯಲ್ಲಿ ನಾವು ಆಡೋದು ಕೊಡವ ತಕ್ಕ್, ಇಲ್ಲಿ ಮಾತುಗಳನ್ನೆಲ್ಲ ಕನ್ನಡದಲ್ಲೇ ಹಾಕಿದ್ದೇನೆ.

ಮಗಳಿಗೆ ಈಗ ಹನ್ನೊಂದು. ಹೋದ ವರ್ಷದ ಕೈಲ್‌ಪೊಳ್ದ್ ದಿನ, ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ ನೋಡಿ ಬಂದವಳು ನೇರ ತಾತನ ಹತ್ರ ಹೋಗಿ, "ನಂಗೆ ಯಾವಾಗ?" ಅಂತ ಕೇಳಿದ್ಲು. ನನ್ನ ತಂದೆಗೆ ಅದಕ್ಕಿಂತ ಖುಷಿಯ ಮಾತು ಇನ್ನೊಂದಿಲ್ಲ. ನಮ್ಮಲ್ಲಿ ಗಂಡು ಮಗು ಹುಟ್ಟಿದ್ರೆ ಹರಳು ಗಿಡದ ದಂಟಿಂದ ಪುಟ್ಟ ಬಿಲ್ಲು ಮಾಡಿ ಕೈಗೆ ಮುಟ್ಟಿಸಿ ಹೊರಗೆ ಒಂದು ಈಡು ಹಾರಿಸೋ ಪದ್ಧತಿ ಉಂಟಲ್ಲ, ಇವಳು ಹುಟ್ಟಿದಾಗ ನನ್ನ ತಂದೆ ಯಾರನ್ನೂ ಕೇಳದೆ ಅಂಗಳಕ್ಕೆ ಇಳಿದು ಒಂದು ಈಡು ಹಾರಿಸಿದವರು. ಅವರು ಅವತ್ತೇ ಜೋಡಿ ನಳಿಗೆ ಇಳಿಸಿ ಇವಳ ಕೈಲಿ ಹಿಡಿಸೋಕೆ ತಯಾರು. ನಾನು ಬೇಡ ಅಂದೆ. ನನ್ನ ಹೆಂಡತಿ ಏನೂ ಅನ್ನದೆ ಒಳಗೆ ಹೋದ್ಲು. ಅವಳು ಮಾತಾಡದೆ ಒಳಗೆ ಹೋದ್ರೆ ಅದರ ಅರ್ಥ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಅವಳ ಭಯಕ್ಕೆ ಕಾರಣ ಇದೆ. ಅವಳ ತವರಿನ ಕಡೆ, ಹತ್ತಿರದ ನೆಂಟರ ಮನೆಯಲ್ಲಿ ನಡೆದ ವಿಷಯ. ಆನೆ ತೋಟಕ್ಕೆ ಇಳಿಯೋ ಕಾಲ, ರಾತ್ರಿ ಗಾಳಿಗೆ ಈಡು ಹೊಡೆಯೋಕೆ ಬೇಕಾಗ್ತದೆ ಅಂತ ಹನ್ನೆರಡು ಬೋರಿನ ಕೋವಿಗೆ ತೋಟಾ ಹಾಕಿ ಬಾಗಿಲ ಹಿಂದೆ ಒರಗಿಸಿ ಇಟ್ಟಿದ್ರು. ಬೆಳಿಗ್ಗೆ ತೆಗೆಯೋದು ಮರೆತ್ರು. ಒಂಬತ್ತು ವರ್ಷದ ಹುಡುಗ ಶಾಲೆಗೆ ರಜೆ ಅಂತ ಮನೆಯಲ್ಲಿ ಆಡ್ತಾ ಇದ್ದವನು ಅದನ್ನು ಎತ್ತಿಕೊಂಡ. ಈಡು ಅಡುಗೆಮನೆ ಬಾಗಿಲ ಚೌಕಟ್ಟಿಗೆ ಹೊಡೀತು. ಚೌಕಟ್ಟಿಂದ ಒಂದೂವರೆ ಅಡಿ ಈಚೆ ಅವನ ತಂಗಿ ಕೂತು ತಿಂಡಿ ತಿಂತಾ ಇದ್ಲು. ಯಾರೂ ಸಾಯಲಿಲ್ಲ. ಆ ಹುಡುಗನಿಗೆ ಈಗ ಹತ್ತೊಂಬತ್ತು, ಎಡಕಿವಿ ಸರಿಯಾಗಿ ಕೇಳೋದಿಲ್ಲ. ಆ ಚೌಕಟ್ಟನ್ನು ಅವರು ಬದಲಾಯಿಸಿಲ್ಲ. ನನ್ನ ಹೆಂಡತಿ ಆ ಮನೆಗೆ ಹೋದಾಗಲೆಲ್ಲ ಅಡುಗೆಮನೆಗೆ ಹೋಗುವಾಗ ಅದರ ಮೇಲೆ ಕೈ ಇಡ್ತಾಳೆ, ನಾನು ನೋಡಿದ್ದೇನೆ.

ಆ ಹುಡುಗನಿಗೆ ಕೋವಿ ಕಲಿಸಿರಲಿಲ್ಲ. "ಮುಟ್ಟಬೇಡ" ಅಂತ ಮಾತ್ರ ಹೇಳಿದ್ರು. ಇದೇ ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿದ್ದು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಬೆಳೆಯೋ ಮಗುವಿಗೆ ಕೋವಿ ಕಲಿಸದಿದ್ರೆ ನಷ್ಟ ಏನೂ ಇಲ್ಲ, ಅದು ಸಿನಿಮಾದಲ್ಲಿ ಮಾತ್ರ ನೋಡ್ತದೆ. ನಮ್ಮ ಮಕ್ಕಳ ಕತೆ ಹಾಗಲ್ಲ. ನಮ್ಮ ಮನೆಯಲ್ಲಿ ಇದೆ, ಪಕ್ಕದ ಮನೆಯಲ್ಲಿ ಇದೆ, ಅವಳು ಆಡೋಕೆ ಹೋಗೋ ಗೆಳತಿಯ ಮನೆಯಲ್ಲಿ ಇದೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ ಕಾಲದಿಂದ ನಮ್ಮ ಮನೆಗಳಲ್ಲಿ ಕೋವಿ ಇಲ್ಲದ ತಲೆಮಾರೇ ಇಲ್ಲ. ಬಚ್ಚಿಟ್ಟರೆ ಮಕ್ಕಳು ಹುಡುಕ್ತಾರೆ. ಮುಟ್ಟಬೇಡ ಅಂದ್ರೆ ಯಾರೂ ಇಲ್ಲದಾಗ ಮುಟ್ಟಿ ನೋಡ್ತಾರೆ. ಹಾಗಾಗಿ ನನ್ನ ಮುಂದೆ ಇದ್ದ ಪ್ರಶ್ನೆ ಅವಳಿಗೆ ಗುರಿ ಹೊಡೆಯೋಕೆ ಬರಬೇಕಾ ಅನ್ನೋದಲ್ಲ. ನಾನಿಲ್ಲದ ಹೊತ್ತಲ್ಲಿ ಒಂದು ಕೋವಿ ಅವಳ ಕಣ್ಣಿಗೆ ಬಿದ್ರೆ ಏನು ಮಾಡ್ತಾಳೆ ಅನ್ನೋದು.

ಇದನ್ನು ಹೆಂಡತಿಗೆ ಹೇಳಿದೆ. ಎರಡು ದಿನ ಸುಮ್ಮನಿದ್ದು ಮೂರನೇ ದಿನ ಹೇಳಿದ್ಲು, "ಅವಳಿಗೆ ಕಲಿಸೋದಾದ್ರೆ ನಂಗೂ ಕಲಿಸಿ. ನಿಮ್ಮ ಮನೆಗೆ ಬಂದು ಹದಿನಾಲ್ಕು ವರ್ಷ ಆಯ್ತು, ಆ ಕೋವಿಯೊಳಗೆ ತೋಟಾ ಉಂಟಾ ಇಲ್ಲವಾ ಅಂತ ನೋಡೋಕೆ ನಂಗೆ ಬರೋದಿಲ್ಲ." ಇದು ಎಷ್ಟು ಮನೆಗಳಲ್ಲಿ ನಿಜ ಅಂತ ನೀವೇ ಯೋಚನೆ ಮಾಡಿ. ಗಂಡಸರು ತೋಟಕ್ಕೋ ಸಂತೆಗೋ ಹೋದ ಮೇಲೆ ಮಕ್ಕಳ ಜೊತೆ ಮನೆಯಲ್ಲಿ ಇರೋರು ಯಾರು? ಅವರಿಗೆ ನಳಿಗೆ ಮಡಚಿ ಖಾಲಿ ಮಾಡೋಕೆ ಬರೋದಿಲ್ಲ ಅಂದ್ರೆ ಹೇಗೆ? ಮೊದಲ ಪಾಠ ಹೆಂಡತಿಗೇ ಆಯ್ತು. ಈಗ ಬೀರುವಿನ ಬೀಗದ ಕೈ ಇರೋದು ಅವಳ ಹತ್ರ. ನನಗೆ ಬೇಕಿದ್ರೂ ಕೇಳಬೇಕು. ನನ್ನ ತಂದೆಗೂ.

ಮುಂದೆ ಹೋಗೋ ಮೊದಲು ಕಾನೂನಿನ ಮಾತು ಹೇಳಿಬಿಡ್ತೇನೆ, ಇದರಲ್ಲಿ ನಮ್ಮವರಿಗೆ ಬಹಳ ತಪ್ಪು ತಿಳುವಳಿಕೆ ಉಂಟು. ನಮಗೆ ಸಿಕ್ಕಿರೋ ವಿನಾಯಿತಿ ಲೈಸೆನ್ಸಿನಿಂದ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು, 2029ರವರೆಗೆ. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿ ಹಿಡಿಯಿತು. ಆದರೆ ವಯಸ್ಸಿನ ವಿಷಯಕ್ಕೆ ಆ ವಿನಾಯಿತಿ ಬರೋದಿಲ್ಲ. 1959ರ ಆಯುಧ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ 21 ತುಂಬದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ತರಬೇತಿಗೆ ಅಂತ ನಿಯಮಗಳಲ್ಲಿ ಬೇರೆ ದಾರಿ ಇದೆ, ಅದು ಶೂಟಿಂಗ್ ಕ್ಲಬ್ಬು, ಕ್ರೀಡೆ ಅಂತ ಹೋಗೋರಿಗೆ. "ನಾವು ಜಮ್ಮಾದವರು, ನಮಗೇನು" ಅಂತ ಹತ್ತು ವರ್ಷದವನ ಕೈಗೆ ಹನ್ನೆರಡು ಬೋರ್ ಕೊಟ್ಟು ಫೋಟೋ ತೆಗೆಸೋರು ಇದ್ದಾರೆ. ನೂರೈವತ್ತು ವರ್ಷಕ್ಕೂ ಮೇಲಿಂದ ಉಳಿಸಿಕೊಂಡು ಬಂದ ಹಕ್ಕಿಗೆ ನಾವೇ ಕಲ್ಲು ಹಾಕಿಕೊಳ್ಳೋದು ಅಂದ್ರೆ ಇದೇ. ಮದುವೆ ಮನೆಯಲ್ಲಿ ಕುಡಿದು ಈಡು ಹಾರಿಸೋರಿಗೂ ಒಂದು ಮಾತು. 2019ರ ತಿದ್ದುಪಡಿಯಲ್ಲಿ, ಸಂಭ್ರಮಕ್ಕೆ ಅಂತ ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ಬೇರೆಯವರಿಗೆ ಅಪಾಯ ತಂದ್ರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಹಾಗಾದ್ರೆ ಮಗುವಿಗೆ ಉಳಿಯೋದು ಏರ್ ಗನ್. ನಳಿಗೆ 4.5 ಮಿಲಿಮೀಟರ್, ಶಕ್ತಿ 20 ಜೌಲ್ ಒಳಗೆ ಇದ್ದರೆ ಅದಕ್ಕೆ ಲೈಸೆನ್ಸ್ ಬೇಡ. ನನ್ನ ಹೆಸರಲ್ಲಿ ಆಧಾರ್ ಕೊಟ್ಟು ತಗೊಂಡೆ, ಬಿಲ್ಲು ಜೋಪಾನ ಮಾಡಿ ಇಟ್ಟಿದ್ದೇನೆ. ಯಾರಾದ್ರೂ ಕೇಳಿದ್ರೆ ತೋರಿಸೋಕೆ ಅದೇ ಆಧಾರ. ಇದನ್ನು ಆಟಿಕೆ ಅಂದುಕೊಳ್ಳಬೇಡಿ. ಮೇಲಕ್ಕೆ ಮಾಡಿ ಬಿಟ್ಟರೆ ಅದರ ಗುಂಡು ಇನ್ನೂರು ಮೀಟರ್ ದಾಟಿ ಹೋಗಬಲ್ಲದು, ಹತ್ತಿರದಿಂದ ಕಣ್ಣಿಗೆ ಬಿದ್ರೆ ಕಣ್ಣು ಹೋಯ್ತು. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದು ಇದೇ 4.5 ಮಿಲಿಮೀಟರಿನ ಏರ್ ರೈಫಲಿನಲ್ಲಿ, ಹತ್ತು ಮೀಟರಿನಲ್ಲಿ. ನನ್ನ ತಂದೆ ಮೊದಲು "ಇದೇನು ಕಾಗೆ ಓಡಿಸೋ ಕೋವಿ" ಅಂತ ನಕ್ಕಿದ್ರು. ಈ ಬಿಂದ್ರಾ ವಿಷಯ ಹೇಳಿದ ಮೇಲೆ ಸ್ವಲ್ಪ ಮರ್ಯಾದೆ ಬಂತು.

ಅಂಗಡಿಯಲ್ಲಿ ಏನು ನೋಡಬೇಕು ಅಂತ ಕೇಳ್ತೀರಿ. ಅಂಗಡಿಯವನು ಮೊದಲು ತೆಗೆದದ್ದು ಒಂದು ಪಿಸ್ತೂಲು, ಗ್ಯಾಸ್ ತುಂಬಿಸೋದು, ಕೈಲಿ ಹಿಡಿದ್ರೆ ಚೆಂದ. ಮಕ್ಕಳಿಗೆ ಪಿಸ್ತೂಲು ಬೇಡವೇ ಬೇಡ. ನಳಿಗೆ ಗಿಡ್ಡ ಇದ್ದಷ್ಟೂ ಸುಮ್ಮನೆ ತಿರುಗಿದ್ರೂ ಬಾಯಿ ಪಕ್ಕದವರ ಮೇಲೆ ಹೋಗ್ತದೆ. ಉದ್ದ ಕೋವಿಯಾದ್ರೆ ತಿರುಗಿಸೋಕೆ ಮೈಯೇ ತಿರುಗಬೇಕು, ನೋಡ್ತಾ ನಿಂತ ನಮಗೆ ಹೇಳೋಕೆ ಒಂದು ಕ್ಷಣ ಸಿಗ್ತದೆ. ಒಂದು ಸಲ ಅದುಮಿದ್ರೆ ಸಾಲಾಗಿ ಹೊಡೆಯೋದೂ ಬೇಡ. ಒಂದು ಗುಂಡು, ಒಂದು ಸಲ, ಮತ್ತೆ ಹಾಕಬೇಕು, ಅಂಥದ್ದೇ ಸರಿ.

ನಾನು ತಗೊಂಡದ್ದು ನಳಿಗೆ ಮಡಚಿ ಸ್ಪ್ರಿಂಗ್ ಎಳೆಯೋ ಸಾದಾ ಏರ್ ರೈಫಲ್. ನಳಿಗೆ ಕೆಳಗೆ ಮಡಚಿದಾಗ ಒಳಗಿನ ಸ್ಪ್ರಿಂಗ್ ಹಿಂದಕ್ಕೆ ಹೋಗಿ ಕೂರ್ತದೆ, ಟ್ರಿಗರ್ ಎಳೆದಾಗ ಅದು ಮುಂದೆ ನುಗ್ಗಿ ಗಾಳಿಯನ್ನು ಒತ್ತಿ ಗುಂಡನ್ನು ತಳ್ತದೆ. ಆ ಸ್ಪ್ರಿಂಗ್ ಎಳೆಯೋಕೆ ಮಗುವಿನ ಶಕ್ತಿ ಸಾಲೋದಿಲ್ಲ. ಅಂಗಡಿಯವನು ಇದನ್ನೇ ಕೊರತೆ ಅಂತ ಹೇಳಿದ, "ಸಾರ್, ಮಗುವಿಗೆ ಲೋಡ್ ಮಾಡೋಕೆ ಆಗಲ್ಲ" ಅಂತ. ನನಗೆ ಬೇಕಾದದ್ದು ಅದೇ! ದೊಡ್ಡವರು ಪಕ್ಕದಲ್ಲಿ ಇಲ್ಲದೆ ಆ ಕೋವಿ ಕೋವಿಯೇ ಅಲ್ಲ, ಬರೀ ಕೋಲು. ಇದಕ್ಕಿಂತ ಒಳ್ಳೆ ಬೀಗ ಬೇರೆ ಇಲ್ಲ. ಇನ್ನು ಎರಡು ಮೂರು ವರ್ಷದಲ್ಲಿ ಅವಳಿಗೆ ಎಳೆಯೋಕೆ ಬರ್ತದೆ, ಅಷ್ಟರಲ್ಲಿ ಬುದ್ಧಿಯೂ ಬಂದಿರ್ತದೆ. ಒಂದು ಎಚ್ಚರ: ಮಡಚಿದ ನಳಿಗೆಯನ್ನು ಕೈಬಿಡದೆ ಹಿಡಿದುಕೊಂಡೇ ಗುಂಡು ಹಾಕಬೇಕು. ಕೈ ಜಾರಿ ನಳಿಗೆ ಚಿಮ್ಮಿದ್ರೆ ಬೆರಳು ಮುರೀತದೆ. ಎಳೆದು ಇಟ್ಟು ಮರೆಯೋದು, ಗುಂಡಿಲ್ಲದೆ ಟ್ರಿಗರ್ ಬಿಡೋದು, ಎರಡೂ ಸ್ಪ್ರಿಂಗಿಗೆ ಕೇಡು.

ಅಳತೆ ಬಹಳ ಮುಖ್ಯ. ಅಂಗಿ ಆದ್ರೆ "ಬೆಳೀತಾಳೆ, ದೊಡ್ಡದೇ ಇರಲಿ" ಅಂತೀವಿ, ಕೋವಿಗೆ ಅದು ನಡೆಯೋದಿಲ್ಲ. ಮೊಣಕೈ ಮಡಚಿ ಟ್ರಿಗರಿನ ಹತ್ರ ಹಿಡಿದಾಗ ಹಿಂದಿನ ಮರ ಮೊಣಕೈ ಮಡಿಕೆಗೆ ಸರಿಯಾಗಿ ಕೂರಬೇಕು. ಉದ್ದ ಹೆಚ್ಚಾದ್ರೆ ಮಗು ಮೈಯನ್ನು ಹಿಂದಕ್ಕೆ ಬಾಗಿಸ್ತದೆ, ನಳಿಗೆ ಭಾರಕ್ಕೆ ಕೆಳಗೆ ಬೀಳ್ತದೆ, ಐದು ನಿಮಿಷಕ್ಕೆ ಕೈ ನಡುಗ್ತದೆ. ದಣಿದ ಮಗುವಿನ ಕೈಲಿ ಯಾವ ನಿಯಮವೂ ನಿಲ್ಲೋದಿಲ್ಲ. ದೊಡ್ಡವರ ಏರ್ ರೈಫಲ್ ಮೂರು ಕಿಲೋ ತೂಗೋವು ಇವೆ, ಅವು ಬೇಡ, ಚಿಕ್ಕದು ನೋಡಿ. ದುರ್ಬೀನೂ ಬೇಡ. ದುರ್ಬೀನಿನಲ್ಲಿ ನೋಡೋ ಮಗುವಿಗೆ ಆ ದುಂಡಗಿನ ಗಾಜಿನ ಹೊರಗೆ ಏನಿದೆ ಅಂತ ಕಾಣೋದಿಲ್ಲ, ನಮಗೆ ಬೇಕಾದದ್ದು ಹೊರಗಿನದೇ. ಎಲ್ಲ ಸೇರಿ ನನಗೆ ಹತ್ತು ಸಾವಿರದ ಒಳಗೆ ಮುಗೀತು, ಕನ್ನಡಕ ಎರಡು ಸೇರಿ.

ಇನ್ನೊಂದು ಸಣ್ಣ ವಿಷಯ, ಬಹಳ ಜನ ನೋಡೋದಿಲ್ಲ. ನನ್ನ ಮಗಳು ಬಲಗೈಯವಳು, ಆದರೆ ಅವಳ ಜೋರು ಕಣ್ಣು ಎಡಗಣ್ಣು. ತಿಳಿಯೋದು ಸುಲಭ. ಎರಡೂ ಕೈ ಚಾಚಿ ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ಬಿಟ್ಟು ಅದರೊಳಗಿಂದ ದೂರದ ಸಿಲ್ವರ್ ಓಕ್ ಮರ ನೋಡೋಕೆ ಹೇಳಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣು ಮುಚ್ಚಿದಾಗ ಮರ ಮಾಯ ಆಗ್ತದೋ ಅದೇ ಜೋರು ಕಣ್ಣು. ಇವಳಿಗೆ ಎಡಭುಜಕ್ಕೆ ಕೊಟ್ಟು ಹೊಡೆಯೋಕೆ ಹೇಳಿದೆ. ನನ್ನ ತಂದೆಗೆ ಅದು ನೋಡೋಕೇ ಆಗ್ತಿರಲಿಲ್ಲ, "ಎಡಚಿ ಮಾಡ್ತಾ ಇದ್ದಾನೆ" ಅಂತ. ಒಂದು ವಾರದಲ್ಲಿ ಅವಳಿಗೆ ಅಭ್ಯಾಸ ಆಯ್ತು. ಅವರಿಗೆ ಇನ್ನೂ ಆಗಿಲ್ಲ.

ಆದರೆ ಕೋವಿ ತಂದದ್ದು ಜನವರಿಯಲ್ಲಿ, ಕಾಫಿ ಕುಯ್ಲು ಒಂದು ಹಂತಕ್ಕೆ ಬಂದ ಮೇಲೆ. ಅದಕ್ಕೂ ಮೊದಲು ಮೂರು ತಿಂಗಳು ಅವಳ ಕೈಲಿ ಇದ್ದದ್ದು ಒಂದು ಕೋಲು. ಸಿಲ್ವರ್ ಓಕ್ ತುಂಡನ್ನು ತಂದೆಯೇ ಕೆತ್ತಿ ಕೋವಿ ಆಕಾರ ಮಾಡಿಕೊಟ್ರು, ಟ್ರಿಗರ್ ಜಾಗಕ್ಕೆ ಬಾಗಿಸಿದ ತಂತಿ. ನಿಯಮ ಇಷ್ಟೇ: ಈ ಕೋಲು ಯಾವಾಗಲೂ ತುಂಬಿದ ಕೋವಿ. ಅದರ ಬಾಯಿ ಯಾರ ಕಡೆಗೂ ತಿರುಗಬಾರದು, ನಾಯಿ ಕಡೆಗೂ, ನಿನ್ನ ಕಾಲಿನ ಕಡೆಗೂ. ಗುರಿ ಹಿಡಿಯೋವರೆಗೆ ಬೆರಳು ತಂತಿಯ ಹೊರಗೆ, ಮರದ ಮೇಲೆ ನೇರ. ಹೊಡೆಯೋ ಮೊದಲು ಏನನ್ನು ಹೊಡೀತೀಯ, ಅದರ ಹಿಂದೆ ಏನಿದೆ, ಎರಡನ್ನೂ ಬಾಯಿಬಿಟ್ಟು ಹೇಳಬೇಕು. ಶನಿವಾರ ಭಾನುವಾರ ತೋಟ ಸುತ್ತೋಕೆ ಹೋಗುವಾಗ ಅವಳು ಕೋಲು ಹಿಡಿದು ಜೊತೆಗೆ ಬರೋದು. ಬೇಲಿ ದಾಟೋವಾಗ ಮೊದಲು ನಳಿಗೆ ಮಡಚಿದ ಹಾಗೆ ಮಾಡಿ, ಕೋಲನ್ನು ಬೇಲಿಯಾಚೆ ನೆಲದ ಮೇಲೆ ಇಟ್ಟು, ಆಮೇಲೆ ತಾನು ದಾಟಬೇಕು. ಒಂದು ಸಲ ಬಾಯಿ ಯಾರ ಮೇಲಾದ್ರೂ ಹಾದು ಹೋಯ್ತು ಅಂದ್ರೆ ಬೈಗುಳ ಇಲ್ಲ, ಕೋಲು ಆವತ್ತಿನ ಮಟ್ಟಿಗೆ ಮೊಳೆಗೆ ಹೋಯ್ತು. ಮೊದಲ ತಿಂಗಳು ಹತ್ತು ನಿಮಿಷದಲ್ಲಿ ಮೊಳೆಗೆ ಹೋಗ್ತಾ ಇತ್ತು. ಒಂದು ದಿನ ಅಳ್ತಾ ಹೇಳಿದ್ಲು, "ಇದು ಬರೀ ಕೋಲು ಅಪ್ಪ." ನಾನು ಏನೂ ಹೇಳಲಿಲ್ಲ. ಮೂರನೇ ತಿಂಗಳಲ್ಲಿ ಎರಡು ಗಂಟೆ ತೋಟ ಸುತ್ತಿದ್ರೂ ಕೋಲು ಅವಳ ಕೈಲೇ ಇರ್ತಿತ್ತು.

ಹಿಂದೆ ಏನಿದೆ ಅನ್ನೋ ಪ್ರಶ್ನೆಯನ್ನು ನಾನು ಬಹಳ ಒತ್ತಿ ಕಲಿಸಿದೆ. ಕಾರಣ ನಿಮಗೆ ಹೇಳಬೇಕಿಲ್ಲ. ಕತ್ತಲಲ್ಲಿ ಪೊದೆ ಅಲ್ಲಾಡ್ತು, ಹಂದಿ ಅಂದುಕೊಂಡು ಹೊಡೆದೆ ಅನ್ನೋ ಸುದ್ದಿ ನಮ್ಮ ಕಡೆಯದ್ದೋ ಚಿಕ್ಕಮಗಳೂರು ಕಡೆಯದ್ದೋ ಪೇಪರಿನಲ್ಲಿ ಓದ್ತಾನೇ ಇರ್ತೀವಿ. ಅಲ್ಲಾಡಿದ್ದು ಕಂಡಿತು, ಹಂದಿ ಕಾಣಲಿಲ್ಲ, ಅಷ್ಟೇ ಅಲ್ಲಿ ನಡೆದದ್ದು. ಹಾಗಾಗಿ ತೋಟದಲ್ಲಿ ಹೋಗುವಾಗ ನಾನು ಸುಮ್ಮನೆ ನಿಂತು "ಅಲ್ಲಿ ಏನು?" ಅಂತ ಕೇಳೋದು. ಮೊದಮೊದಲು "ಗಿಡ" ಅಂತಿದ್ಲು. ಆಮೇಲೆ, "ಗಿಡ, ಅದರ ಹಿಂದೆ ಮಣ್ಣಿನ ಬರೆ, ಬರೆಯ ಮೇಲೆ ರಸ್ತೆ, ಹೊಡೆಯೋ ಹಾಗಿಲ್ಲ." ಒಂದು ದಿನ, "ಎಡಕ್ಕೆ ಲೈನ್ ಮನೆ ಉಂಟು, ಮಕ್ಕಳ ದನಿ ಕೇಳ್ತದೆ, ಆ ಕಡೆ ಯಾವಾಗಲೂ ಇಲ್ಲ" ಅಂದ್ಲು. ನನಗೂ ಆ ದನಿ ಅವಳು ಹೇಳಿದ ಮೇಲೆ ಕೇಳಿಸಿದ್ದು.

ಹೊಡೆಯೋ ಜಾಗಕ್ಕೆ ಗೋದಾಮಿನ ಹಿಂದಿನ ಬರೆ ಆರಿಸಿದೆ, ಹತ್ತು ಅಡಿ ಎತ್ತರದ ಮಣ್ಣು. ಕಣದಲ್ಲಿ ಮಾಡಬೇಡಿ. ಏರ್ ಗನ್ ಗುಂಡು ಸೀಸದ್ದು, ಕಾಫಿ ಒಣಗಿಸೋ ಜಾಗದಲ್ಲಿ ಸೀಸ ಬೀಳಬಾರದು. ಬರೆಯ ಮುಂದೆ ಹಳೇ ಮರದ ಪೆಟ್ಟಿಗೆಯಲ್ಲಿ ಗೋಣಿ, ಚಿಂದಿ ಬಟ್ಟೆ ಗಟ್ಟಿಯಾಗಿ ತುರುಕಿ ಅದರ ಮೇಲೆ ಗುರಿ ಕಾಗದ ಅಂಟಿಸಿದ್ದೇವೆ. ಗುಂಡು ಅದರೊಳಗೇ ಉಳೀತದೆ. ಕಲ್ಲು, ತಗಡು, ಬಾಟ್ಲಿ ಯಾವುದೂ ಬೇಡ, ಗಟ್ಟಿ ವಸ್ತುವಿಗೆ ಬಡಿದ ಗುಂಡು ಎಲ್ಲಿಗೆ ಹಾರ್ತದೆ ಅಂತ ಹೇಳೋಕಾಗೋದಿಲ್ಲ. ಕನ್ನಡಕ ಹೊಡೆಯೋರಿಗೂ ಬೇಕು, ಪಕ್ಕದಲ್ಲಿ ನಿಂತವರಿಗೂ ಬೇಕು. ಮೇಜು ಹಾಕಿ ಕೂರಿಸಿ, ಹಳೇ ಪ್ಯಾಂಟಿನ ಕಾಲು ಹೊಲಿದು ಉಮಿ ತುಂಬಿದ ದಿಂಬಿನ ಮೇಲೆ ನಳಿಗೆ ಇಡಿಸಿ. ನಿಂತು ಹೊಡೆಯೋದೆಲ್ಲ ಆಮೇಲೆ. ಐದು ಮೀಟರಿನಿಂದ ಶುರು ಮಾಡಿ. ಒಲಿಂಪಿಕ್ಸಿನ ಗುರಿ ಕಾಗದದಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಂತೆ ಅಂತ ತೋರಿಸಿದೆ, ಅವಳು ನಂಬಲಿಲ್ಲ. ನಮ್ಮದು ಊಟದ ತಟ್ಟೆ ಅಗಲ. ಒಂದು ಸಲಕ್ಕೆ ಹತ್ತೇ ಗುಂಡು, ಎಣಿಸಿ ಕೊಟ್ಟು, ಹತ್ತೂ ಮುಗಿದ ಮೇಲೆ ಕೋವಿ ಮಡಚಿ ಮೇಜಿನ ಮೇಲಿಟ್ಟು, ನಾನು "ಹೋಗಬಹುದು" ಅಂದ ಮೇಲಷ್ಟೇ ಕಾಗದ ನೋಡೋಕೆ ಓಡಬೇಕು. ಮುಗಿದ ಕೂಡಲೇ ಸೋಪು ಹಾಕಿ ಕೈ ತೊಳೆಯೋದು. ನಾವು ಹುಡುಗರಾಗಿದ್ದಾಗ ಗುಂಡನ್ನು ಬಾಯಲ್ಲಿ ಇಟ್ಟುಕೊಂಡು ಒಂದೊಂದೇ ತೆಗೆದು ಹಾಕೋರನ್ನು ನೋಡಿದ್ದೇನೆ, ಕೈ ಖಾಲಿ ಇರಲಿ ಅಂತ! ಸೀಸ ವಿಷ, ಮಕ್ಕಳ ಮಿದುಳಿಗೆ ಇನ್ನೂ ಕೆಟ್ಟದು.

ಹಕ್ಕಿ ವಿಷಯ. ಏರ್ ಗನ್ ಮನೆಗೆ ಬಂದ ಎರಡನೇ ದಿನವೇ ಪಕ್ಕದ ಮನೆಯ ಹುಡುಗ ಬಂದು, "ಕುಟ್ರು ಹಕ್ಕಿ ಕೂತಿದೆ, ಬಾ" ಅಂದ. ಅವಳು ನನ್ನ ಮುಖ ನೋಡಿದ್ಲು. ಆ ಹುಡುಗನನ್ನೂ ಕೂರಿಸಿ ಹೇಳಿದೆ, ನಮ್ಮ ತೋಟದ ಕುಟ್ರು, ಪಿಕಳಾರ, ಕೆಂದಳಿಲು, ಮಂಗ ಯಾವುದನ್ನೂ ಹೊಡೆಯೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಏರ್ ಗನ್ ಆದ್ರೂ ಅಷ್ಟೇ. ಇದು ಮಕ್ಕಳಿಗೆ ಹೇಳಿದ್ದು. ದೊಡ್ಡವರಿಗೂ ಹೇಳಬೇಕಾದದ್ದು ಉಂಟು. ಮಂಗ ಓಡಿಸೋಕೆ ಅಂತ ಏರ್ ಗನ್ ತಂದು ಇಟ್ಟುಕೊಂಡವರು ನಮ್ಮಲ್ಲಿ ಕಡಿಮೆ ಇಲ್ಲ. ಬಾಳೆ ಹಾಳಾದ ಸಿಟ್ಟು ನನಗೂ ಇದೆ. ಆದರೆ ಆ ಸಣ್ಣ ಗುಂಡಿಗೆ ಮಂಗ ಸಾಯೋದಿಲ್ಲ, ಗುಂಡು ಒಳಗೆ ಕೂತು ಗಾಯ ಕೊಳೆತು ವಾರಗಟ್ಟಲೆ ನರಳ್ತದೆ, ಆಮೇಲೆ ನಮ್ಮ ಕೆರೆ ಬದಿಯಲ್ಲೇ ಬಂದು ಬೀಳ್ತದೆ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಸರ್ಕಾರವೇ ಅಭಿಯಾನ ಮಾಡಿ ಜನರಿಂದ ಏರ್ ಗನ್‌ಗಳನ್ನು ವಾಪಸ್ ತಗೊಂಡಿತು, ಕಾಡಿನಲ್ಲಿ ಹಕ್ಕಿಗಳೇ ಕಡಿಮೆಯಾಗ್ತಿವೆ ಅಂತ. ಮಗುವಿನ ಕೋವಿಯನ್ನು ನೀವು ಮಂಗಕ್ಕೆ ತಿರುಗಿಸಿದ ದಿನ ಮಗು ಕಲಿತದ್ದೆಲ್ಲ ಹೋಯ್ತು ಅಂತ ಲೆಕ್ಕ.

ಈ ಸಲದ ಕೈಲ್‌ಪೊಳ್ದ್ ದಿನ ನಡೆದದ್ದನ್ನು ಬರೀಬೇಕೋ ಬೇಡವೋ ಅಂತ ತಂದೆಯನ್ನೇ ಕೇಳಿದೆ. "ಬರಿ" ಅಂದ್ರು. ಬೆಳಿಗ್ಗೆ ಕನ್ನಿ ಕೋಂಬರೆಯಲ್ಲಿ ಇಡೋ ಮೊದಲು ಕೋವಿಗಳನ್ನೆಲ್ಲ ಹೊರಗೆ ಜಗಲಿಗೆ ತಂದು ಒರೆಸ್ತಾ ಇದ್ವಿ. ತಂದೆ ಜೋಡಿ ನಳಿಗೆಗೆ ಎಣ್ಣೆ ಬಟ್ಟೆ ಹಾಕ್ತಾ, ತೋಕ್ ಪೂ ತಂದಿದ್ದಾರಾ ಅಂತ ಯಾರನ್ನೋ ಕೇಳೋಕೆ ತಿರುಗಿದ್ರು. ತಿರುಗುವಾಗ ಕೋವಿಯ ಬಾಯಿ ಮೆಟ್ಟಿಲ ಮೇಲೆ ಕೂತಿದ್ದ ನನ್ನ ಮಗನ ಮೇಲೆ ಹಾದು ಹೋಯ್ತು. ಅವನಿಗೆ ಐದು ವರ್ಷ.

"ತಾತ, ನಳಿಗೆ!"

ಮಗಳು ಕೂಗಿದ್ದಲ್ಲ, ಅಷ್ಟು ಜೋರಾಗಿ ಏನೂ ಹೇಳಲಿಲ್ಲ. ಆದರೆ ಜಗಲಿಯಲ್ಲಿದ್ದ ಎಲ್ಲರಿಗೂ ಕೇಳಿಸ್ತು. ನೆಂಟರು ಏಳೆಂಟು ಜನ ಇದ್ರು. ನನ್ನ ತಂದೆ ಐವತ್ತು ವರ್ಷದಿಂದ ಕೋವಿ ಹಿಡಿದವರು, ಊರಲ್ಲಿ ಅವರ ಗುರಿಗೆ ಹೆಸರಿದೆ, ಅವರಿಗೆ ಎದುರು ಮಾತಾಡೋರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಒಬ್ಬ ಮಾವ, "ಏ, ಖಾಲಿ ಕೋವಿ ಅದು, ದೊಡ್ಡವರಿಗೆ ಹೇಳ್ತೀಯಾ" ಅಂತ ಶುರು ಮಾಡಿದ್ರು. ತಂದೆ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದ್ರು. ಬಾಯಿಯನ್ನು ಅಂಗಳದ ಕಡೆ ಮಾಡಿ, ನಳಿಗೆ ಮಡಚಿ, ಎರಡೂ ತೂತುಗಳನ್ನು ಅವಳಿಗೆ ತೋರಿಸಿದ್ರು. ಅವಳು ಎದ್ದು ಬಂದು ಬಗ್ಗಿ ನೋಡಿದ್ಲು. ನೋಡಿ, "ಖಾಲಿ" ಅಂದ್ಲು. ಆಮೇಲೆ ಅವರು ಆ ಕೋವಿಯನ್ನು ಮಡಚಿದ ಹಾಗೇ ಚಾಪೆಯ ಮೇಲೆ ಇಟ್ಟು, ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಎದ್ದು ಒಳಗೆ ಹೋದ್ರು. ಬೇಜಾರಾಯ್ತೇನೋ ಅಂತ ನಾನೂ ಹಿಂದೆ ಹೋದೆ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಕಡಂಬಿಟ್ಟು ಉಂಡೆ ಮಾಡ್ತಾ ಇದ್ಲು. ತಂದೆ ಬಾಗಿಲಲ್ಲಿ ನಿಂತು ಅವಳಿಗೆ ಹೇಳ್ತಾ ಇದ್ರು, "ನಿನ್ನ ಮಗಳು ಇವತ್ತು ನನ್ನನ್ನು ಹಿಡಿದ್ಲು." ಅವಳು ಹಿಟ್ಟಿನ ಕೈಯಲ್ಲೇ ತಿರುಗಿ ನೋಡಿದ್ಲು. ಏನೂ ಹೇಳಲಿಲ್ಲ, ಆದರೆ ಈ ಸಲ ಒಳಗೆ ಹೋಗಲಿಲ್ಲ.

ಐದು ವರ್ಷದವನಿಗೆ ಏನು ಕಲಿಸಿದ್ದೀರಿ ಅಂತಲೂ ಕೇಳಿದ್ದಾರೆ. ಅವನಿಗೆ ಕೋಲೂ ಇಲ್ಲ, ಕೋವಿಯೂ ಇಲ್ಲ. ಮೂರೇ ಮಾತು: ಕೋವಿ ಕಂಡ್ರೆ ಮುಟ್ಟಬೇಡ, ಅಲ್ಲಿಂದ ಹೊರಗೆ ಬಾ, ದೊಡ್ಡವರಿಗೆ ಹೇಳು. ನಮ್ಮ ಮನೆಯಲ್ಲಿ ಆದ್ರೂ, ಗೆಳೆಯನ ಮನೆಯಲ್ಲಿ ಆದ್ರೂ. ಗೆಳೆಯ "ಬಾ ತೋರಿಸ್ತೀನಿ" ಅಂದ್ರೂ. ತಿಂಗಳಿಗೊಮ್ಮೆ ಆಟದ ಹಾಗೆ ಕೇಳ್ತೀವಿ, ಅವನು ಓಡಿ ಬಂದು ಹೇಳಿ ತೋರಿಸ್ತಾನೆ. ಹೇಳಿದ್ದಕ್ಕೆ ಬೈಯಬಾರದು, "ಎಲ್ಲಿ ಹುಡುಕಿದೆ, ಅಲ್ಲಿಗೆ ಯಾಕೆ ಹೋದೆ" ಅಂತ ಕೇಳಬಾರದು. ಬೈದ್ರೆ ಮುಂದಿನ ಸಲ ಹೇಳೋದಿಲ್ಲ. ಆಟಿಕೆ ಪಿಸ್ತೂಲು, ದೀಪಾವಳಿಯ ಕೇಪಿನ ಪಿಸ್ತೂಲು ಎಲ್ಲ ಮನೆಯಿಂದ ತೆಗೆದುಬಿಟ್ಟೆವು. ಬೆಳಿಗ್ಗೆಯೆಲ್ಲ ಅಣ್ಣತಮ್ಮಂದಿರ ಎದೆಗೆ ಹಿಡಿದು ಆಡೋದು, ಸಂಜೆ ಯಾರ ಕಡೆಗೂ ತಿರುಗಿಸಬೇಡ ಅಂತ ಪಾಠ ಕೇಳೋದು, ಮಗುವಿಗೆ ಎರಡೂ ಹೇಗೆ ತಲೆಗೆ ಹೋಗಬೇಕು? ಇದು ಅತಿಯಾಯ್ತು ಅಂತ ನಮ್ಮ ಅಕ್ಕ ಹೇಳಿದ್ಲು. ಇರಬಹುದು, ಆದರೂ ನಾನು ವಾಪಸ್ ತರೋನಲ್ಲ.

ಇಡೋ ವಿಷಯದಲ್ಲಿ ನಮ್ಮ ಮನೆಯಲ್ಲಿ ಬದಲಾದದ್ದು: ಗೋಡೆಯ ಗೂಟದಿಂದ ಎಲ್ಲ ಕೋವಿ ಇಳಿದು ಕಬ್ಬಿಣದ ಬೀರುವಿಗೆ ಹೋದವು. ತೋಟಾ ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಏರ್ ಗನ್ನೂ ಅದೇ ಬೀರುವಿನಲ್ಲಿ, ಮಗುವಿನದ್ದು ಅಂತ ಮಗುವಿನ ಕೋಣೆಯಲ್ಲಿ ಅಲ್ಲ. ರಾತ್ರಿ ಆನೆಗೆ ಅಂತ ಹೊರಗೆ ತೆಗೆದ್ರೆ ತೆಗೆದವನೇ ಖಾಲಿ ಮಾಡಿ, ಇನ್ನೊಬ್ಬರಿಗೆ ತೋರಿಸಿ, ಬೀರುವಿಗೆ ಇಟ್ಟು ಮಲಗಬೇಕು. "ತುರ್ತಿಗೆ ಸಿಗೋದಿಲ್ಲ" ಅಂತ ತಂದೆ ವಾದ ಮಾಡಿದ್ರು. ಗಡಿಯಾರ ಹಿಡಿದು ನೋಡಿದ್ವಿ, ಬೀರು ತೆಗೆದು, ತೋಟಾ ತಂದು, ಅಂಗಳಕ್ಕೆ ಬರೋಕೆ ಒಂದೂವರೆ ನಿಮಿಷ. ಅಷ್ಟು ಹೊತ್ತಿಗೆ ಆನೆ ಒಂದು ಬಾಳೆ ಹೆಚ್ಚು ತಿಂತದೆ, ತಿನ್ನಲಿ.

ಮಗಳು ಈಗ ಹತ್ತು ಮೀಟರಿನಿಂದ ಹತ್ತಕ್ಕೆ ಏಳೆಂಟು ತಟ್ಟೆಯೊಳಗೆ ಹಾಕ್ತಾಳೆ. ಮುಂದೆ ಕ್ಲಬ್ಬಿಗೆ ಸೇರ್ತಾಳೋ, ಬೇಜಾರಾಗಿ ಬಿಟ್ಟು ಹಾಕಿಗೆ ಹೋಗ್ತಾಳೋ, ಅವಳಿಗೆ ಬಿಟ್ಟದ್ದು. ಹಾಕಿ ಕೋಲನ್ನೂ ಬಾಯಿ ಕೆಳಗೆ ಮಾಡಿಯೇ ಹಿಡೀತಾಳೆ, ಕೋಚ್ ನಗ್ತಾರೆ.

ಬರೋ ಭಾನುವಾರ ಮಳೆ ಇಲ್ಲದಿದ್ರೆ ಸಂಜೆ ನಾಲ್ಕಕ್ಕೆ ಗೋದಾಮಿನ ಹಿಂದೆ ಇರ್ತೀವಿ. ಮಕ್ಕಳನ್ನು ಕರ್ಕೊಂಡು ಬರೋರು ಬನ್ನಿ, ಅವರ ತಾಯಂದಿರನ್ನೂ ಕರ್ಕೊಂಡು ಬನ್ನಿ. ಕನ್ನಡಕ ನನ್ನ ಹತ್ರ ಎರಡೇ ಉಂಟು, ನಿಮ್ಮದು ತನ್ನಿ. ಕೋವಿ ತರಬೇಡಿ. ಮೊದಲ ದಿನ ಎಲ್ಲರಿಗೂ ಕೋಲೇ, ಮಕ್ಕಳು ಮುಖ ಊದಿಸಿಕೊಂಡ್ರೆ ನನ್ನನ್ನು ಬೈಬೇಡಿ. ಕಾಫಿ ಇರ್ತದೆ.